ಹೊಗೆ ಬಿಟ್ಟುಹೋದ ಬೆಟ್ಟ

ಬಿಶ್ಕೆಕ್
ನವೆಂಬರ್ ೯

ಮಗಳೇ ಬುರುಲ್,

ಕುರಿ, ಕುದುರೆ, ಅತ್ತೆ, ಮಾವ, ಗಂಡ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕುರಿಗಳನ್ನು ಮೊದಲು ವಿಚಾರಿಸಿದ್ದಕ್ಕೆ ನಿನ್ನ ಗಂಡನಿಗೆ ಬೇಸರವಾಗದಿರಲಿ. ನಮ್ಮಲ್ಲಿ ಕೇಳುವ ಕ್ರಮವೇ ಹಾಗೆ.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಕೂತಿರುತ್ತದೆ. ನಾನು "ಹೇಗಿದ್ದೀಯಮ್ಮಾ?" ಅಂದರೆ ಇಡೀ ಸಂಸಾರ ಒಂದೇ ದನಿಯಲ್ಲಿ "ಚೆನ್ನಾಗಿದ್ದೀವಿ!" ಅನ್ನುತ್ತದೆ. ಆ ಗದ್ದಲದಲ್ಲಿ ನಿನ್ನ ದನಿ ಯಾವುದು ಅಂತ ಹುಡುಕುವಷ್ಟರಲ್ಲಿ ನಿನ್ನ ಮಾವ ಶಾರ್ಶೆನ್ ಅವರು "ಸರಿ ಬೀಗರೇ, ಇಡ್ತೀವಿ" ಅಂದುಬಿಡುತ್ತಾರೆ. ಆದ್ದರಿಂದ ಈ ಪತ್ರವನ್ನು ಕೊಚ್ಕೋರಿಗೆ ವ್ಯಾನು ಓಡಿಸುವ ಬೋಲೋತನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಒಡೆದು ಓದುವವನಲ್ಲ. ಓದಿದರೂ ಮೊದಲ ಚಹಾ ಅಂಗಡಿಯಲ್ಲೇ ಮರೆಯುತ್ತಾನೆ.

ಇಲ್ಲಿಯ ಮುಖ್ಯ ಸುದ್ದಿಯೆಂದರೆ ಬೆಟ್ಟ ಕೆಲಸ ಬಿಟ್ಟಿದೆ. ನನ್ನ ಜೀವಮಾನವಿಡೀ ಎದುರು ನಿಂತು ಚಿತ್ರ ಬರೆಸಿಕೊಂಡ, ಸಂಬಳ ಕೇಳದ, ಮೂಗು ತುರಿಸಿಕೊಳ್ಳದ ಏಕೈಕ ರೂಪದರ್ಶಿ ಅದು. ಊರಿನ ಒಲೆಗಳು ಹೊತ್ತಿಕೊಂಡ ದಿನದಿಂದ ಪತ್ತೆಯಿಲ್ಲ. ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಹೊಗೆಯ ವಾಸನೆ. ಕಾಣದ್ದನ್ನು ಕಂಡ ಹಾಗೆ ಬರೆಯುವುದಕ್ಕೆ ನನಗೂ ಸ್ವಲ್ಪ ನಾಚಿಕೆ ಇದೆ. ಹಾಗಾಗಿ ಈ ಚಳಿಗಾಲ ಹೊಗೆಗೇ ಕುಂಚ ಕೊಟ್ಟುಬಿಟ್ಟಿದ್ದೇನೆ.

ಹೇಗೆಂದರೆ, ಬರ್ಚ್ ಹಲಗೆಗೆ ಸೀಮೆಸುಣ್ಣದ ಬಿಳಿ ಲೇಪನ. ಅದರ ಮೇಲೆ ಜರದಾಳು ಮರದ ಅಂಟು. ಅಂಟಿನ ಮೇಲೆ ಹಳೆಯ ಪತ್ರಿಕೆಯಿಂದ ಬೆಟ್ಟದ ಆಕಾರ ಕತ್ತರಿಸಿ ಕೂರಿಸುವುದು. ಆಮೇಲೆ ವರಾಂಡದ ಸೂರಿನ ಕೆಳಗೆ ಸಾಲಾಗಿ ನಿಲ್ಲಿಸಿ ನಾನು ಚಹಾ ಕುಡಿಯುವುದು. ಹೊಗೆ ತಾನಾಗಿ ಬಂದು ಕೂರುತ್ತದೆ, ಪತ್ರಿಕೆ ಮುಚ್ಚಿದ ಜಾಗ ಬಿಟ್ಟು. ವಸಂತದಲ್ಲಿ ಪತ್ರಿಕೆ ಕಿತ್ತಾಗ, ಈ ಊರಿನ ಹೊಗೆಗೆ ಸಿಗದೆ ಉಳಿದದ್ದೆಷ್ಟೋ ಅಷ್ಟೇ ಬೆಟ್ಟ. ಅಲ್ಲಿಯವರೆಗೆ ಅದು ಹೇಗಿದೆಯೆಂದು ನನಗೂ ತಿಳಿಯದು. ಮಾರ್ಚ್ ತಿಂಗಳ ನೋರೂಜ್ ಹಬ್ಬದ ಹೊತ್ತಿಗೆ ಪ್ರದರ್ಶನಕ್ಕೆ ಒಂದು ಸಭಾಂಗಣ ಕೊಡುವುದಾಗಿ ಹೇಳಿದ್ದಾರೆ. ಜನ ನನ್ನನ್ನು ಸತ್ತವರ ಪಟ್ಟಿಗೆ ಸೇರಿಸಿದ ಮೇಲೆ ಸಿಕ್ಕ ಮೊದಲ ಸಭಾಂಗಣ ಇದು. ಬಹುಶಃ ಕೊನೆಯದೂ.

ಅಂದಹಾಗೆ, ನಿನ್ನ ಮಾವನವರ ಕಲ್ಲಿದ್ದಲು ಬಂತು, ಪ್ರತಿ ವರ್ಷದಂತೆ ಲಾರಿ ತುಂಬ. ಬೀಗರ ಉಡುಗೊರೆ. ಬೇಡ ಅನ್ನಲು ನನಗೆ ನಾಲಿಗೆ ಇದೆ. ಆದರೆ ಇಲ್ಲಿ ನಾನು ಬೇಡ ಅಂದರೆ ಅಲ್ಲಿ ನಿನ್ನ ಬಟ್ಟಲಿನ ಚಹಾ ತಣ್ಣಗಾಗುತ್ತದೆ. "ದೇವರು ಒಳ್ಳೇದು ಮಾಡ್ಲಿ" ಅಂದು ಇಳಿಸಿಕೊಂಡೆ. ಅದನ್ನೇ ಉರಿಸಿ ಬೆಚ್ಚಗೆ ಕೂತು, ಅದರ ಹೊಗೆಯನ್ನೇ ಹಿಡಿದು, ಹೊಗೆಯ ವಿರುದ್ಧ ಚಿತ್ರ ಮಾಡುತ್ತಿದ್ದೇನೆ. ಇಷ್ಟು ಅಚ್ಚುಕಟ್ಟಾದ ಬೋನನ್ನು ಇಲಿಗೂ ಯಾರೂ ಇಟ್ಟಿರಲಾರರು.

ನೀನು ಬರೆಯುತ್ತಿದ್ದೀಯಾ? ನಾನು ಕೇಳುತ್ತಿರುವುದು ಪತ್ರವಲ್ಲ, ಚಿತ್ರ.

ನಿನ್ನ ಆತಾ,
ಜೂಮಾಕದಿರ್


ಕೊಚ್ಕೋರ್
ನವೆಂಬರ್ ೨೭

ಆತಾ,

ಕುರಿಗಳು ಕ್ಷೇಮ. ಉಳಿದವರೂ ಅದೇ ಕ್ರಮದಲ್ಲಿ ಕ್ಷೇಮ.

ನಿಮ್ಮ ಪತ್ರವನ್ನು ಹಿಟ್ಟಿನ ಕೋಣೆಯಲ್ಲಿ ನಿಂತು ಓದಿದೆ. ಈ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಯಾರೂ ಏಕೆ ಅಂತ ಕೇಳದ ಜಾಗ ಅದೊಂದೇ. ಹೊರಬರುವಾಗ ಕೈಯಲ್ಲಿ ಒಂದು ಜರಡಿ ಹಿಟ್ಟಿದ್ದರೆ ಸಾಕು. ನಿಮ್ಮ ಪತ್ರ ದೊಡ್ಡದು. ಆವತ್ತು ಹಿಟ್ಟು ಜಾಸ್ತಿಯಾಗಿ ನೆರೆಮನೆಗೂ ರೊಟ್ಟಿ ಕೊಟ್ಟೆವು.

ಮದುವೆಗೆ ನೀವು ಕೊಟ್ಟ ಅಳಿಲುಕೂದಲಿನ ಕುಂಚ ಬಹಳ ಚೆನ್ನಾಗಿ ಬಳಕೆಯಾಗುತ್ತಿದೆ. ಸುಡುವ ಮುಂಚೆ ರೊಟ್ಟಿಯ ಮೇಲೆ ಮೊಟ್ಟೆ ಸವರಲು ಅದಕ್ಕಿಂತ ನಯವಾದದ್ದು ಜಿಲ್ಲೆಯಲ್ಲೇ ಇಲ್ಲವಂತೆ. ಅತ್ತೆ ಗೂಲ್‌ಸುನ್ ಅಪಾ ಬಂದವರಿಗೆಲ್ಲ ತೋರಿಸುತ್ತಾರೆ. "ನಿಮ್ಮಪ್ಪ ತಿಳಿದೋರು ಕಣೇ. ಬೀಗರು ಅಂದ್ಮೇಲೆ ಉಪಯೋಗಕ್ಕೆ ಬರೋದನ್ನೇ ಕೊಡಬೇಕು ಅನ್ನೋದು ಗೊತ್ತಿದೆ." ಇದನ್ನು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅಂತ ಇಟ್ಟುಕೊಳ್ಳಿ.

ಈಗ ನನ್ನದೊಂದು ಕೇಳಿಕೆ. ನೀವು ಹೊಗೆಯಲ್ಲಿ ಚಿತ್ರ ಮಾಡುತ್ತಿದ್ದೀರಿ ಅಂತ ಇವರಿಗೆ ಹೇಳಬೇಡಿ. ಶಾರ್ಶೆನ್ ಆತಾಗೆ ನೀವೆಂದರೆ ಹೆಮ್ಮೆ. ಮೊನ್ನೆ ಲಾರಿಯವರ ಮುಂದೆ ಹೇಳುತ್ತಿದ್ದರು: "ನಮ್ಮ ಬೀಗರು ಹಿಮದ ಬೆಟ್ಟ ಹೆಂಗ್ ಬರೀತಾರೆ ಗೊತ್ತಾ? ನೋಡ್ತಾ ನಿಂತ್ರೆ ಹಲ್ಲು ಕಟಕಟ ಅನ್ನುತ್ತೆ. ಮನೆಗೆ ಹೋದೋನೇ ಕಲ್ಲಿದ್ದಲು ತರಿಸ್ತಾನೆ. ಅವರು ಚಳಿ ಮಾರ್ತಾರೆ, ನಾನು ಶಾಖ ಮಾರ್ತೀನಿ. ಒಂದೇ ವ್ಯಾಪಾರ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಚಹಾ ಬಗ್ಗಿಸುತ್ತ.

ಅವರ ಅನ್ನವೂ, ನನ್ನ ಅನ್ನವೂ ಹಿತ್ತಿಲಿನ ಆ ಕಪ್ಪು ಗುಡ್ಡೆಯಿಂದಲೇ ಬರುತ್ತದೆ. ನೀವು ಅದರ ಹೊಗೆಯನ್ನು ಸಭಾಂಗಣದಲ್ಲಿ ತೂಗುಹಾಕುತ್ತಿದ್ದೀರಿ ಅಂತ ಗೊತ್ತಾದರೆ ನಿಮಗೇನೂ ಅನ್ನುವುದಿಲ್ಲ, ಬೀಗರಿಗೆ ಅನ್ನುವ ಹಾಗಿಲ್ಲವಲ್ಲ. ನನಗೂ ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದರ ಜೊತೆ ದಿನವೂ ಇರಬೇಕಾದವಳು ನಾನು.

ಅವರು ಕೆಟ್ಟವರಲ್ಲ ಆತಾ. ಕೆಟ್ಟವರಾಗಿದ್ದರೆ ಸುಲಭವಿತ್ತು.

ನಿಮ್ಮ,
ಬುರುಲ್


ಬಿಶ್ಕೆಕ್
ಡಿಸೆಂಬರ್ ೧೮

ಮಗಳೇ,

ಮಾತು ಕೊಟ್ಟೆ. ಯಾರು ಕೇಳಿದರೂ "ಬೆಟ್ಟ ಬರೆಯುತ್ತಿದ್ದೇನೆ" ಅನ್ನುತ್ತೇನೆ. ಅದು ಸುಳ್ಳೂ ಅಲ್ಲ. ಇಷ್ಟು ಶುದ್ಧವಾದ ಅರ್ಧಸತ್ಯ ಹೇಳಲು ಸರ್ಕಾರದವರೇ ಬೇಕಿತ್ತು.

ಆತ್ಮಗೌರವಕ್ಕಾಗಿ ಒಂದು ವಾರ ಕಲ್ಲಿದ್ದಲು ಬಿಟ್ಟು ಬೆರಣಿ ಸುಟ್ಟೆ. ಮೊದಲು ಅಂಟು ಗಟ್ಟಿಯಾಯಿತು, ಆಮೇಲೆ ಬೆರಳು ಗಟ್ಟಿಯಾಯಿತು, ಕೊನೆಗೆ ಆತ್ಮಗೌರವವೂ ಮರಗಟ್ಟಿತು. ನಿನ್ನ ಮಾವನ ಕಲ್ಲಿದ್ದಲನ್ನು ಕ್ಷಮೆ ಕೇಳಿ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯುತ್ತದೆ. ಅದೇ ಅದರ ದೋಷ.

ಹಲಗೆಗಳು ಈಗ ಬಡವರ ಅಡುಗೆಮನೆಯ ಗೋಡೆಯಂತಾಗಿವೆ. ಕಪ್ಪು ಅಂದರೆ ಒಂದೇ ಕಪ್ಪಲ್ಲ. ಗಾಳಿಯಿಲ್ಲದ ದಿನ ತುಪ್ಪಳದ ಹಾಗೆ ಕೂರುತ್ತದೆ. ಹಿಮ ಬಿದ್ದ ದಿನ ಕಂದು ತಿರುಗುತ್ತದೆ. ಕೆಳಬೀದಿಯವರು ಟೈರು ಸುಟ್ಟ ದಿನ ಹಸಿರು ಹೊಡೆಯುವ ಒಂದು ಹೊಳಪು. ಎಷ್ಟು ಚೆಂದವಿತ್ತೆಂದರೆ, ಅದು ನನ್ನ ಶ್ವಾಸಕೋಶದಲ್ಲೂ ಹಾಗೇ ಹೊಳೆಯುತ್ತಿರಬಹುದು ಎಂದು ಹೊಳೆದು ಕಿಟಕಿ ಮುಚ್ಚಿದೆ. ಪತ್ರಿಕೆಯ ಒಂದು ಮೂಲೆ ಎತ್ತಿ ನೋಡಲು ದಿನವೂ ಕೈ ತುರಿಸುತ್ತದೆ. ಎತ್ತಿದರೆ ಅಂಚು ಕೆಡುತ್ತದೆ. ಹಬ್ಬದ ಹಿಂದಿನ ದಿನ ನೀನೇ ಬಂದು ಕೀಳಬೇಕು. ಅಂಚು ಕೆಡದ ಹಾಗೆ ಕೀಳುವ ಬೆರಳು ಈ ವಂಶದಲ್ಲಿ ನಿನಗೆ ಮಾತ್ರ ಇರುವುದು.

ಆ ಬೆರಳಿಗೆ ಮೊಟ್ಟೆ ಮೆತ್ತಿರುವುದನ್ನು ನೆನೆಸಿಕೊಂಡು ಎರಡು ದಿನ ರೊಟ್ಟಿ ಸೇರಲಿಲ್ಲ. ಮೂರನೆಯ ದಿನ ಸೇರಿತು, ಮುಚ್ಚಿಡುವುದೇಕೆ.

ನಿನ್ನ ಆತಾ


ಕೊಚ್ಕೋರ್
ಜನವರಿ ೨೦

ಆತಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳ ನಡುವೆ ಅತ್ತೆ, ಮಾವ ನಿಮ್ಮ ಮನೆಗೆ ಬರುತ್ತಾರಂತೆ. ಮದುವೆಯಾದ ಮೇಲೆ ಬೀಗರ ಮನೆಗೆ ಕಾಲಿಟ್ಟಿಲ್ಲ, ಜನ ಏನಂತಾರೆ ಅಂತ ಮಾತಾಯಿತು. ನಿಮ್ಮ ಅಳಿಯ ತಲಾಯ್ ಗಣಿಯಿಂದ ಬರುವುದಿಲ್ಲ, ಅವನ ಬದಲು ಒಂದು ಕುರಿ ಬರುತ್ತದೆ. ನನ್ನನ್ನೂ ಕರೆದುಕೊಂಡು ಬರುತ್ತಾರೆ.

ಹಲಗೆಗಳನ್ನು ಎಲ್ಲಾದರೂ ಒಳಗಿಡಿ, ದಯವಿಟ್ಟು.

ನಿಮ್ಮ ಮನೆಗೆ ನೆಂಟಳಾಗಿ ಬರುತ್ತಿದ್ದೇನೆ ಅಂತ ಖುಷಿಯಾಗಬೇಕಿತ್ತು. ಏನು ಉಡಬೇಕು, ಎಲ್ಲಿ ಕೂರಬೇಕು, ನಿಮ್ಮನ್ನು ಎಷ್ಟು ಹೊತ್ತು ತಬ್ಬಿಕೊಳ್ಳಬಹುದು ಅಂತ ಅತ್ತೆ ಈಗಿಂದಲೇ ಹೇಳಿಕೊಡುತ್ತಿದ್ದಾರೆ.

ಬುರುಲ್


ಬಿಶ್ಕೆಕ್
ಫೆಬ್ರವರಿ ೨

ಮಗಳೇ,

ಒಳಗಿಡುವ ಹಾಗಿಲ್ಲ. ಒಂದರ ಮೇಲೊಂದು ಪೇರಿಸಿದರೆ ಮಸಿ ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಒಲೆಯ ಹತ್ತಿರ ಇಟ್ಟರೆ ಅಂಟು ಬೆವರುತ್ತದೆ. ವರಾಂಡದಲ್ಲೇ ನಿಂತಿರಲಿ, ಮುಂದೆ ಹಳೆಯ ಕಂಬಳಿ ಇಳಿಬಿಡುತ್ತೇನೆ. ಬೀಗರು ಊಟ ಬಿಟ್ಟೆದ್ದು ವರಾಂಡಕ್ಕೆ ಹೋಗುತ್ತಾರೆಯೇ? ಗೌರವದ ಜಾಗದಲ್ಲಿ ದಿಂಬು ಪೇರಿಸಿ ಕೂರಿಸಿದರೆ ಶಾರ್ಶೆನ್ ಅವರು ಸಂಜೆಯವರೆಗೆ ಅಲುಗುವ ಪ್ರಾಣಿಯಲ್ಲ. ಗೌರವದಿಂದಲೇ ಹೇಳುತ್ತಿದ್ದೇನೆ.

ಬಾ. ತಬ್ಬಿಕೊಳ್ಳುವುದಕ್ಕೆ ಈ ಕಡೆಯಿಂದ ಸಮಯದ ಮಿತಿ ಇಲ್ಲ.

ಆತಾ


ಕೊಚ್ಕೋರ್
ಫೆಬ್ರವರಿ ೨೪

ಆತಾ,

ಹೊರಡುವಾಗ ನೀವು ನನ್ನ ಹಣೆ ಮುಟ್ಟಿ "ರಸ್ತೆ ಚೆನ್ನಾಗಿರಲಿ" ಅಂದಿರಿ. ದಾರಿಯುದ್ದಕ್ಕೂ ರಸ್ತೆ ಚೆನ್ನಾಗಿಯೇ ಇತ್ತು. ಯಾಕಾದರೂ ಚೆನ್ನಾಗಿದೆಯೋ ಅನ್ನಿಸುತ್ತಿತ್ತು.

ನಡೆದದ್ದು ಇಬ್ಬರಿಗೂ ಗೊತ್ತು. ಆದರೆ ನೀವು ಒಳಗಿದ್ದಿರಿ, ನಾನು ವರಾಂಡದಲ್ಲಿದ್ದೆ. ಗೋಡೆಯ ಈ ಕಡೆಯದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಅತ್ತೆ ಗಾಳಿಗೆಂದು ಎದ್ದರು. ನಾನು ಸಾರಿನ ಪಾತ್ರೆ ಇಳಿಸುತ್ತಿದ್ದೆ. ಕಂಬಳಿ ಸರಿಸಿದ್ದು ಕೇಳಿಸಿತು, ಆಮೇಲೆ ಅವರ ಗಂಟಲು.

"ಅಯ್ಯೋ ಬೀಗರೇ, ಇದೇನ್ ಗತಿ! ಹೆಂಗಸಿಲ್ಲದ ಮನೇಲಿ ಹಲಗೆಗೂ ಗಡ್ಡ ಬರುತ್ತಾ?"

ಒಳಗಿನಿಂದ ಮಾವ ಕೂಗಿದರು: "ಯಾಕೇ, ಏನಾಯ್ತು?"

"ಬೀಗರ ಹಲಗೆಗಳೆಲ್ಲ ಮಸಿ ಹಿಡಿದು ಪೇಪರ್ ಮೆತ್ಕೊಂಡ್ ಕೂತಿದಾವೆ ಕಣ್ರೀ! ಪಾಪ, ಯಾವುದರ ಮೇಲೆ ಅಂತ ಚಿತ್ರ ಬರೀತಾರೆ? ಹೇಳ್ಕೊಳ್ಳೋಕೂ ಸಂಕೋಚ ಅವರಿಗೆ." ಆಮೇಲೆ ನನ್ನ ಕಡೆ ತಿರುಗಿದರು. "ಬುರುಲ್, ಬಿಸಿನೀರು ತಗೊಂಡ್ ಬಾ. ಹೊರಡೋದ್ರೊಳಗೆ ಎಲ್ಲಾ ಬೆಳ್ಳಗೆ ಆಗ್ಬೇಕು. ಮಗಳು ಬಂದ್ ಹೋದ್ಮೇಲೂ ಮನೆ ಹಿಂಗಿತ್ತು ಅಂದ್ರೆ ಬೈಸ್ಕೊಳ್ಳೋಳು ನಾನು, ಸೊಸೆಗೆ ಏನ್ ಕಲಿಸಿದೀಯಾ ಅಂತ."

ನಾನು ಬಾಗಿಲಿನಿಂದ ನಿಮ್ಮನ್ನು ನೋಡಿದೆ. ನೀವು ಮಾಂಸ ಕತ್ತರಿಸುತ್ತ ಚಾಕು ಹಿಡಿದು ಕೂತಿದ್ದಿರಿ. ನೀವೂ ನೋಡಿದಿರಿ. ನಾನು ಬಾಯಿ ಬಿಟ್ಟಿದ್ದರೆ "ಇದು ಚಿತ್ರ" ಅನ್ನಬೇಕಿತ್ತು. ಯಾವುದರ ಚಿತ್ರ ಅಂತ ಕೇಳುತ್ತಿದ್ದರು. ನೀವು ಬಾಯಿ ಬಿಟ್ಟಿದ್ದರೆ ನನಗೆ ಕೊಟ್ಟ ಮಾತು ಮುರಿಯಬೇಕಿತ್ತು. ನೀವು "ಬೀಗರೇ, ಇನ್ನೊಂದು ತುಂಡು ತಗೊಳ್ಳಿ" ಅಂದಿರಿ. ನಾನು ನೀರು ಕಾಯಿಸಿದೆ.

ಪತ್ರಿಕೆಗಳನ್ನು ನಾನೇ ಕಿತ್ತೆ, ಅಂಚು ಕೆಡದ ಹಾಗೆ. ಯಾಕೆ ಹಾಗೆ ಕಿತ್ತೆನೋ ಗೊತ್ತಿಲ್ಲ, ಹೇಗೂ ತೊಳೆಯುವುದೇ ತಾನೆ. ಅತ್ತೆ ಒಳಗೆ ಹೋಗಿದ್ದರು. ಎಲ್ಲವನ್ನೂ ಕಿತ್ತು ಒಂದು ಸಲ ಹಿಂದೆ ಸರಿದು ನಿಂತೆ.

ಇತ್ತು ಆತಾ. ಸಾಲಾಗಿ, ಪೂರ್ತಿ ಬೆಟ್ಟ.

ಹೊಸದನ್ನು ಮೊದಲ ಸಲ ನೋಡಿದವರು ಏನಾದರೂ ಉಡುಗೊರೆ ಕೊಡಬೇಕು. ಮಗುವಾಗಲಿ, ಮದುವಣಗಿತ್ತಿಯಾಗಲಿ, ಹಸುವಿನ ಕರುವಾಗಲಿ. ನಾನು ಕೊಟ್ಟದ್ದು ಸಾಬೂನು ನೀರು.

ಜರದಾಳು ಅಂಟು ನೀವು ಹೇಳಿಕೊಟ್ಟ ಹಾಗೇ ನೀರಿಗೆ ತಕ್ಷಣ ಸಡಿಲವಾಯಿತು. ಬೆಟ್ಟ ಎಲ್ಲೂ ಹೋಗಲಿಲ್ಲ, ಅದು ಬಿಳಿಯೇ ಇತ್ತಲ್ಲ. ಸುತ್ತಲಿನ ಕಪ್ಪು ಹೋಯಿತು, ಅಷ್ಟೆ. ಎಲ್ಲ ಬೆಳ್ಳಗಾಯಿತು, ಎಲ್ಲಿಯವರೆಗೆ ಬೆಟ್ಟ, ಎಲ್ಲಿಂದ ಆಚೆ ಆಕಾಶ ಅಂತ ತಿಳಿಯದ ಹಾಗೆ. ಅತ್ತೆ ಬಂದು ನೋಡಿ ನನ್ನ ಬೆನ್ನು ತಟ್ಟಿದರು. "ಈಗ ನೋಡು, ಬೀಗರು ಎಷ್ಟ್ ಬೇಕಾದ್ರೂ ಬೆಟ್ಟ ಬರ್ಕೊಳ್ಳಲಿ" ಅಂದರು. ಪ್ರೀತಿಯಿಂದ ಅಂದರು.

ಬೈದು ಬರೆಯಿರಿ.

ಬುರುಲ್


ಕೊಚ್ಕೋರ್
ಮಾರ್ಚ್ ೧೨

ಆತಾ,

ನೀವು ಪತ್ರವೇನೂ ಕೊಡಲಿಲ್ಲ ಅಂತ ಬೋಲೋತ್ ಹೇಳಿದ. ಅವನು ಮರೆತಿರಬಹುದು ಅಂತ ಮೂರು ಸಲ ಕೇಳಿದೆ. "ಅಕ್ಕಾ, ನಿಮ್ಮಪ್ಪ ಕಿಟಕೀಲಿ ನಿಂತು ಕೈ ಬೀಸಿದ್ರು. ಅಷ್ಟೇ ಕಣಕ್ಕಾ ಕೊಟ್ಟಿದ್ದು" ಅಂದ.

ಹಬ್ಬಕ್ಕೆ ಬಿಶ್ಕೆಕ್ಕಿಗೆ ಬರಲು ಆಗುವುದಿಲ್ಲ. ಸೊಸೆ ಇಲ್ಲದೆ ಹಬ್ಬದ ಪಾಯಸ ಕುದಿಯುವುದಿಲ್ಲವಂತೆ. ಸಭಾಂಗಣವನ್ನು ಏನು ಮಾಡಿದಿರಿ?

ಬುರುಲ್


ಬಿಶ್ಕೆಕ್
ಮಾರ್ಚ್ ೨೬

ಮಗಳೇ,

ಬೈಯಲು ನಾಲ್ಕು ಸಲ ಕೂತೆ. ಬೈಗುಳ ಪ್ರತಿ ಸಲವೂ ವಿಳಾಸ ತಪ್ಪಿ ನನ್ನ ಮನೆಗೇ ಬಂತು. ನೀನು ಒಂದು ಹೆಜ್ಜೆ ಇಡಬೇಕಿತ್ತು, ನಾನೂ ಒಂದೇ ಹೆಜ್ಜೆ. ಇಬ್ಬರೂ ಬಹಳ ಸಂಸ್ಕಾರವಂತರು. ಈ ಸಂಸ್ಕಾರಕ್ಕೆ ಬೆಂಕಿ ಹಾಕಿದರೆ ನಿನ್ನ ಮಾವನ ಕಲ್ಲಿದ್ದಲಿಗಿಂತ ಚೆನ್ನಾಗಿ ಉರಿದೀತು.

ಗೋಡೆಯ ನನ್ನ ಕಡೆಯದೂ ಕೇಳು. ನೀನು ತೊಳೆಯುತ್ತಿದ್ದಾಗ ಶಾರ್ಶೆನ್ ಅವರು ನನ್ನ ಕೈ ಹಿಡಿದು "ಬೀಗರೇ, ನನಗೊಂದು ಬೆಟ್ಟ ಬೇಕು. ಅತಿಥಿಗಳ ಕೋಣೆಗೆ. ನಮ್ಮೂರಲ್ಲೂ ಈಗೀಗ ಸರಿಯಾಗಿ ಕಾಣಿಸ್ತಿಲ್ಲ" ಅಂದರು. ಏಕೆ ಕಾಣುತ್ತಿಲ್ಲ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗಿನಿಂದ ನೀರು ಚೆಲ್ಲುವ ಸದ್ದು ಬರುತ್ತಿತ್ತು. "ಖಂಡಿತ ಬೀಗರೇ" ಅಂದೆ. ಅವರ ಕಣ್ಣು ಒದ್ದೆಯಾಗಿತ್ತು. ಸಾರು ಖಾರವಾಗಿತ್ತು ಅಂತ ನಂಬಿದ್ದೇನೆ.

ಸಭಾಂಗಣ ಬಿಟ್ಟುಕೊಡುತ್ತೇನೆ ಅಂತ ಹೇಳಲು ಹೋದೆ. ಅಷ್ಟರಲ್ಲಿ ಆಮಂತ್ರಣ ಅಚ್ಚಾಗಿತ್ತು. ನಮ್ಮಲ್ಲಿ ಅಚ್ಚಾದ ಮೇಲೆ ಸತ್ತವನೂ ಹಾಜರಾಗಬೇಕು. ಬೇರೆ ದಾರಿ ಕಾಣದೆ ತೊಳೆದ ಹಲಗೆಗಳನ್ನೇ ಸಾಲಾಗಿ ತೂಗುಹಾಕಿದೆ. ಬರೀ ಬಿಳಿ. ಜನ ನಗಲಿ, ಅಲ್ಲಿಗೆ ಮುಗಿಯಲಿ ಅಂದುಕೊಂಡಿದ್ದೆ.

ನಗಲಿಲ್ಲ ಕಣಮ್ಮಾ. ಅದೇ ಘೋರ. ದೊಡ್ಡ ಹುದ್ದೆಯವರೊಬ್ಬರು ಬಂದಿದ್ದರು. ಮುಖಗವಸು ಬಿಚ್ಚಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ನಮ್ಮ ನಾಡಿನ ಹಿಮದ ನಿರ್ಮಲತೆಯನ್ನು ಇಷ್ಟು ಧೈರ್ಯದಿಂದ ಯಾರೂ ತೋರಿಸಿರಲಿಲ್ಲ" ಅಂದರು. ಚಪ್ಪಾಳೆ. ನನಗೆ ಕಸೂತಿಯ ನಿಲುವಂಗಿ ಹೊದಿಸಿ, ಕಲ್ಪಾಕ್ ಟೋಪಿ ಇಟ್ಟು, ಫೋಟೋ ತೆಗೆದರು. ಟೋಪಿ ಇಟ್ಟ ತಲೆಯನ್ನು ಅಲ್ಲಾಡಿಸಿ ಅಲ್ಲ ಅನ್ನುವುದು ಹೇಗೆ? ಪತ್ರಿಕೆಯಲ್ಲೂ ಬಂತು. ಹೊಗೆಯನ್ನು ತೋರಿಸಲು ಹೊರಟವನು ಹೊಗೆಯೇ ಇಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ ಕೂತಿದ್ದೇನೆ, ಮೈಮೇಲೆ ನಿಲುವಂಗಿ ಸಮೇತ. ಆ ನಿಲುವಂಗಿಯೊಳಗೆ ಎಷ್ಟು ಸೆಖೆ ಅಂತೀಯ. ಬಿಚ್ಚಿದ ಮೇಲೂ ಹೋಗುತ್ತಿಲ್ಲ.

ಎಲ್ಲರೂ ಹೋದ ಮೇಲೆ ನೆಲ ಒರೆಸುವಾಕೆ ಒಬ್ಬಳೇ ಉಳಿದಳು. ಹಲಗೆಗಳ ಮುಂದೆ ಬಕೀಟು ಇಟ್ಟು, "ತಾತಾ, ಬೆಟ್ಟ ಅಂತ ಹೊರಗೆ ಬರ್ದಿದಾರಲ್ಲ, ಎಲ್ಲಿ?" ಅಂದಳು.

"ನನ್ನ ಮಗಳು ನೋಡಿದಾಳೆ" ಅಂದೆ.

"ನೀವು?"

"ನಾನು ನೋಡಿಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಾಲ ಸುತ್ತ ಒರೆಸಿಕೊಂಡು ಹೋದಳು.

ಬುರುಲ್, ಹೇಗಿತ್ತು ಅಂತ ನನಗೆ ತಿಳಿಸು. ತಮಾಷೆಯಲ್ಲ.

ಆತಾ


ಕೊಚ್ಕೋರ್
ಏಪ್ರಿಲ್ ೧೬

ಆತಾ,

ಹೇಗಿತ್ತು ಅಂತ ಹೇಳಲು ಹಿಟ್ಟಿನ ಕೋಣೆಯಲ್ಲಿ ಎಷ್ಟೋ ಹಾಳೆ ಹರಿದೆ. ಮಾತಿನಲ್ಲಿ ಆಗಲಿಲ್ಲ. ಎಡಗಡೆಯ ಶಿಖರ ಅಂದರೆ ನಿಮಗೆ ನಿಮ್ಮ ಶಿಖರ ಕಾಣುತ್ತದೆ, ನಾನು ನೋಡಿದ್ದಲ್ಲ.

ಅದಕ್ಕೇ ಹಿಟ್ಟಿನ ಪೆಟ್ಟಿಗೆಯ ಹಳೆಯ ಮುಚ್ಚಳವನ್ನು ತಿಕ್ಕಿ ಸುಣ್ಣ ಬಳಿದೆ. ಅಂಟು ಇರಲಿಲ್ಲ, ಜರದಾಳು ಜಾಮಿನ ಪಾಕ ಸವರಿದೆ. ಮಾವನವರ ಅಂಗಡಿ ಕ್ಯಾಲೆಂಡರಿನ ಜನವರಿ ಹಾಳೆಯನ್ನು ನೆನಪಿನಿಂದ ಆ ಬೆಟ್ಟದ ಆಕಾರಕ್ಕೆ ಕತ್ತರಿಸಿ ಅದರ ಮೇಲೆ ಕೂರಿಸಿದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳಬೇಕಾದವಳು ಸೊಸೆಯೇ ತಾನೆ, ಅದೊಂದು ಅನುಕೂಲ. ಏಣಿ ಹತ್ತಿ, ಚಾವಣಿಯ ಮೇಲೆ ಹೊಗೆಕೊಳವೆಯ ಪಕ್ಕ ಮುಚ್ಚಳ ನಿಲ್ಲಿಸಿ ಇಳಿದೆ. ದಿನವೂ ಹತ್ತಿ ನೋಡುತ್ತಿದ್ದೆ. ನೀವು ಹೇಳಿದ್ದು ನಿಜ, ಒಂದೇ ಕಪ್ಪಲ್ಲ. ಇಲ್ಲಿಯದರಲ್ಲಿ ನೀಲಿ ಇದೆ.

ಇವತ್ತು ಮೇಲೆ ಕೂತು ನೋಡುತ್ತಿದ್ದಾಗ ಏಣಿ ಅಲುಗಿತು. ಮೊದಲು ಬಿಳಿ ತಲೆವಸ್ತ್ರ ಬಂತು, ಆಮೇಲೆ ಅತ್ತೆ. ಮೊದಲ ಸಲ ಚಾವಣಿ ಹತ್ತಿದ್ದರು. ಅಂಚಿನಲ್ಲೇ ಕೂತು ಏದುಸಿರು ಸುಧಾರಿಸಿಕೊಂಡರು. ಮುಚ್ಚಳ ನೋಡಿದರು, ಅದರ ಮೇಲಿನ ಮಸಿ ನೋಡಿದರು, ಮೆತ್ತಿಕೊಂಡಿದ್ದ ಕಾಗದ ನೋಡಿದರು. ಬಹಳ ಹೊತ್ತು ನೋಡಿದರು. ಬಿಶ್ಕೆಕ್ಕಿನ ವರಾಂಡ ಅವರ ಕಣ್ಣ ಮುಂದೆ ಬಂದದ್ದು ನನಗೆ ಗೊತ್ತಾಯಿತು.

"ಇದನ್ನ ತೊಳೀಬೇಕಾ?" ಅಂದರು.

"ಬೇಡ ಅಪಾ" ಅಂದೆ.

ಈ ಮನೆಯಲ್ಲಿ ನಾನು ಬೇಡ ಅಂದದ್ದು ಇದೇ ಮೊದಲು. ಕೆಳಗೆ ಮಾವ ಚಹಾ ಎಲ್ಲಿ ಅಂತ ಕೂಗುತ್ತಿದ್ದರು.

ಅತ್ತೆ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡರು. ಬಟ್ಟೆಗೆ ಹತ್ತಿದ ಕಪ್ಪನ್ನು ನೋಡಿ ಮಡಚಿ ಒಳಗೆ ಸೇರಿಸಿದರು. ಆಮೇಲೆ ಏಣಿಯ ಕಡೆ ತಿರುಗಿ, ಒಂದು ಮೆಟ್ಟಿಲು ಇಳಿದು ನಿಂತರು.

"ಹಂಗಾದ್ರೆ ಆ ಕಡೆಗೆ ತಿರುಗಿಸಿಡು. ಹೊಗೆ ಬರೋದು ಅಲ್ಲಿಂದ."

ಬುರುಲ್